ಭಾನುವಾರ ನಾಲ್ಕು ಗಂಟೆಯ ಕೋಪ

ನಮ್ಮ ಭಾವನಿಗೆ ವಾರದಲ್ಲಿ ಒಂದೇ ದಿನ ಕೋಪ ಬರುತ್ತದೆ ಎಂದರೆ ನೀವು ನಂಬುವುದಿಲ್ಲ. ಭಾನುವಾರ, ಸಂಜೆ ನಾಲ್ಕರಿಂದ ಐದು! ಉಳಿದ ದಿನ ಬಂದ ಕೋಪವನ್ನೆಲ್ಲ ಕಿಸೆಯ ಪುಟ್ಟ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳುತ್ತಾರೆ.

ಅಕ್ಕನ ಗಂಡ. ಕೊಪ್ಪದಲ್ಲಿ ಮಿಕ್ಸಿ ರಿಪೇರಿ ಅಂಗಡಿ. ಒಮ್ಮೆ ಯಾರೋ ಒಬ್ಬ ಅಂಗಡಿಯ ಬೋರ್ಡಿಗೆ ಸ್ಕೂಟರ್ ಗುದ್ದಿಸಿದ. ಬೈಗುಳಕ್ಕೆ ತಲೆ ತಗ್ಗಿಸಿ ನಿಂತವನಿಗೆ ಭಾವ, "ಭಾನುವಾರ ನಾಲ್ಕಕ್ಕೆ ಮನೆಗೆ ಬಾ ಮಾರಾಯ, ನಿಂಗೆ ಬೈಯೋದುಂಟು" ಎಂದರು. ಪುಣ್ಯಾತ್ಮ ಬಂದೇ ಬಿಟ್ಟ! ಆದರೆ ಭಾವನಿಗೆ ತಾವು ಬರೆದದ್ದನ್ನು ತಾವೇ ಓದಲು ಆಗಲಿಲ್ಲ. ಇಬ್ಬರೂ ಹಲಸಿನಕಾಯಿ ಚಿಪ್ಸ್ ತಿಂದು ನಗುತ್ತಾ ಎದ್ದರು.

ಅಕ್ಕನ ಹೆಸರೂ ಆಗಾಗ ಆ ಪುಸ್ತಕಕ್ಕೆ ಏರುತ್ತಿತ್ತು. ಅವಳು ನಾಲ್ಕಕ್ಕೆ ಸರಿಯಾಗಿ ಎದುರು ಕೂತು, "ಬೇಗ ಬೈದು ಮುಗ್ಸಿ, ಒಲೆ ಮೇಲೆ ಹಾಲಿಟ್ಟು ಬಂದಿದೀನಿ" ಎನ್ನುತ್ತಿದ್ದಳು. ಉಕ್ಕುವ ಹಾಲಿನ ಎದುರು ಯಾರ ಕೋಪ ನಿಂತೀತು?

ಇದೆಂಥ ಹುಚ್ಚು ಎಂದು ಒಮ್ಮೆ ಕೇಳಿದೆ. ಬಿಸಿ ಮೋಟಾರನ್ನು ಬಿಚ್ಚಬಾರದು, ತಣಿದ ಮೇಲೆಯೇ ಯಾವ ಭಾಗ ಕೆಟ್ಟಿದೆ ಎಂದು ತಿಳಿಯುವುದು ಎಂದರು. ನಾನು ನಕ್ಕೆ. ನನ್ನದು ಹಾಗಲ್ಲವಲ್ಲ, ಬಂದ ಕೋಪ ಬಾಯಿಗೆ ಬರಲು ಚಿಟಿಕೆ ಹೊಡೆಯುವಷ್ಟು ಹೊತ್ತೂ ಬೇಡ.

ಆ ಬಾಯಿಯ ತಪ್ಪನ್ನೇ ಇಲ್ಲಿ ಒಪ್ಪಿಕೊಳ್ಳಬೇಕಾಗಿದೆ. ಭಾವನ ಮಗಳಿಗೆ ಮುತ್ತಿನಕೊಪ್ಪದಲ್ಲಿ ಒಂದು ಸಂಬಂಧ ಕೂಡಿಬಂದಿತ್ತು. ಸೋದರಮಾವನಾದ ನನ್ನನ್ನು ಮೊದಲು ಕೇಳಲಿಲ್ಲವೆಂದು ನನಗೆ ಉರಿ. ಗಂಡಿನ ಕಡೆಯವರು ವಿಚಾರಿಸಲು ನರಸಿಂಹರಾಜಪುರದ ನನ್ನ ಮನೆಗೆ ಬಂದಾಗ ಈ ಕತೆಗಳನ್ನೆಲ್ಲ ಹೀಗೆಯೇ ರಸವತ್ತಾಗಿ ಹೇಳಿದೆ. ಕೊನೆಗೆ, ಆ ಮನೆಯವರ ತಲೆಯಲ್ಲೇ ಒಂದು ಸ್ಕ್ರೂ ಲೂಸು ಎಂದೂ ಸೇರಿಸಿದೆ. ಅವರು ಚೆನ್ನಾಗಿ ನಕ್ಕರು. ಮರುದಿನವೇ ಸಂಬಂಧ ಬೇಡವೆಂದು ಕೊಪ್ಪಕ್ಕೆ ತಿಳಿಸಿದರು.

ಭಾವ ಫೋನ್ ಮಾಡಿ, "ಭಾನುವಾರ ಬಾ" ಎಂದರು. ಅಷ್ಟೇ. ನಾನು ಹೋಗಲಿಲ್ಲ. ಎರಡು ವರ್ಷ ಹೋಗಲಿಲ್ಲ.

ಕಳೆದ ತಿಂಗಳು ಧೈರ್ಯ ಮಾಡಿ ಹೋದೆ. ನಾಲ್ಕು ಗಂಟೆಗೆ ಭಾವ ಜಗಲಿಯಲ್ಲಿ ಕೂತಿದ್ದರು.

"ಕೋಪ ಹೋಯ್ತಾ ಭಾವ?"

"ಎಲ್ಲಿಂದ ಹೋಗೋದು? ಇದೊಂದು ತಣೀಲೇ ಇಲ್ಲ. ಆದ್ರೆ ಒಬ್ನೇ ಕೂತು ಕೋಪ ಮಾಡ್ಲಿಕ್ಕೆ ಬೇಜಾರು ಮಾರಾಯ. ಕೂತ್ಕ."

ಐದರವರೆಗೂ ಬೈದರು. ಒಂದೊಂದು ಮಾತೂ ನಿಜ. ನಾನು ತಲೆ ಎತ್ತಲಿಲ್ಲ. ನಡುವೆ ಮಗಳು ಬಂದು ನನ್ನ ಮುಂದೆ ಕಾಫಿ ಲೋಟ ಇಟ್ಟು ಒಳಗೆ ಹೋದಳು. ಬಾಯಿಗಿಟ್ಟರೆ ಸಕ್ಕರೆ ಇಲ್ಲ. ನನಗೆ ಶುಗರ್ ಇರುವುದು ಆ ಕೂಸಿಗೆ ಇನ್ನೂ ನೆನಪಿತ್ತು.