ಬಾಲವುಳ್ಳ ಗುಣವಾಚಕವೂ ಅಕ್ಕನ ಬಿಸ್ಕತ್ತೂ

ಇಂಗ್ಲಿಷ್ ವ್ಯಾಕರಣದ ಹದಿನಾಲ್ಕನೆಯ ಪಾಠದಲ್ಲಿ ಬಿಜಯಂಗೈದಿರುವ ಗುಣವಾಚಕ ಪದಗುಚ್ಛ ಮಹಾಶಯರ ಸನ್ನಿಧಾನಕ್ಕೆ, ಹದಿಮೂರನೆಯ ಪಾಠಕ್ಕೇ ಪಂಡಿತನಾಗಿಬಿಟ್ಟ ಬೋರ್ಡು ಬರೆಯುವವನ ಸಾಷ್ಟಾಂಗ ವಂದನೆಗಳು.

ಮಾನ್ಯರೇ,

ನಲವತ್ತೆಂಟನೆಯ ವಯಸ್ಸಿನಲ್ಲಿ ಸಂಜೆಯ ಇಂಗ್ಲಿಷ್ ತರಗತಿಗೆ ಸೇರಿದ ನನಗೆ ಮೇಡಂ ಮೊದಲ ವಾರವೇ ಹೇಳಿಕೊಟ್ಟದ್ದು, ಗುಣವಾಚಕವು ನಾಮಪದಕ್ಕಿಂತ ಮೊದಲು ಬರುತ್ತದೆ ಎಂದು. ಕೆಂಪು ಬಾಗಿಲು, ಹಳೇ ಏಣಿ. ಥೇಟ್ ಕನ್ನಡದ ಹಾಗೆಯೇ. ಇಷ್ಟೇನಾ ಇಂಗ್ಲಿಷ್ ಎಂದು ಅಂದೇ ಕಾಲರ್ ಏರಿಸಿಕೊಂಡೆ. ಆದರೆ ಅದೇ ಗುಣವಾಚಕವು ‘ಆಫ್’, ‘ಟು’ ಎಂದು ಬಾಲ ಬೆಳೆಸಿಕೊಂಡು ತಮ್ಮ ರೂಪ ತಾಳಿದರೆ ನಾಮಪದದ ನಂತರ ಹೋಗಿ ನಿಲ್ಲುತ್ತದೆಂಬುದನ್ನು ತಾವು ಯಾರ ಕೈಲೂ ಹೇಳಿ ಕಳುಹಿಸಲಿಲ್ಲ.

ಅಷ್ಟರಲ್ಲಿ ನನ್ನ ಅಕ್ಕ ಬೇಕರಿ ತೆರೆದಳು. ಭಾವನಿಗೆ ಸಕ್ಕರೆ ಕಾಯಿಲೆ. ಅವರಿಗೆಂದೇ ಎರಡು ವರ್ಷ ಒದ್ದಾಡಿ ಹದ ಕಂಡುಕೊಂಡ ಸಕ್ಕರೆಯಿಲ್ಲದ ಬಿಸ್ಕತ್ತೆಂದರೆ ಅವಳಿಗೆ ಪ್ರಾಣ. ಅಂಗಡಿಯ ಬೋರ್ಡಿಗೆಂದು ‘ಬಿಸ್ಕಟ್ಸ್ ಫ್ರೀ ಆಫ್ ಶುಗರ್’ ಎಂದು ಬರೆದ ಚೀಟಿ ಕೊಟ್ಟು, “ಇದ್ದದ್ದನ್ನ ಇದ್ದ ಹಾಗೇ ಬರಿಯೋ ಮಾರಾಯ” ಎಂದಳು. ಪಾಪ, ಅಕ್ಕನಿಗೆ ವ್ಯಾಕರಣ ತಿಳಿಯದೆಂದು ಮರುಗಿ, ‘ಫ್ರೀ’ಯನ್ನು ದರದರನೆ ಎಳೆತಂದು ಮೊದಲಿಗೆ ಕೂರಿಸಿದೆ: ‘ಫ್ರೀ ಬಿಸ್ಕಟ್ಸ್ ಆಫ್ ಶುಗರ್’. ಗುಣವಾಚಕಕ್ಕೆ ಗೌರವವಿರಲೆಂದು ‘ಫ್ರೀ’ಗೆ ಮಾತ್ರ ಕೆಂಪು ಬಣ್ಣ, ಒಂದಡಿ ಎತ್ತರ.

ತಮ್ಮ ಮಹಿಮೆಯನ್ನು ಏನೆಂದು ಹೊಗಳಲಿ! ಬಾಲದ ಜೊತೆಗಿದ್ದಾಗ ಸಕ್ಕರೆಯನ್ನಷ್ಟೇ ಇಲ್ಲವಾಗಿಸುತ್ತಿದ್ದ ‘ಫ್ರೀ’, ಮೊದಲಿಗೆ ಬಂದದ್ದೇ ತಡ, ಬಿಸ್ಕತ್ತನ್ನೇ ಬಿಟ್ಟಿಯಾಗಿಸಿತು. ಬಾಗಿಲು ತೆರೆದ ಅರ್ಧ ಗಂಟೆಯಲ್ಲಿ ತಟ್ಟೆಗಳೆಲ್ಲ ಖಾಲಿ. “ಬೋರ್ಡಲ್ಲೇ ಹಾಕಿದೀರಲ್ಲಮ್ಮ” ಎನ್ನುತ್ತ ಜನ ಚೀಲ ತುಂಬಿಕೊಳ್ಳುವಾಗ ಅಕ್ಕ ಬೀದಿಗೆ ಬಂದು ಬೋರ್ಡನ್ನೇ ನೋಡುತ್ತ ನಿಂತಳು. ಸಕ್ಕರೆ ಕಾಯಿಲೆಯವರೋ, ಇದೇನು ಸಕ್ಕರೆಯಲ್ಲೇ ಮಾಡಿದ ಬಿಸ್ಕತ್ತೇ ಎಂದು ಹೆದರಿ ಒಳಗೇ ಬರಲಿಲ್ಲ. ಹನ್ನೊಂದು ದಿನವಾಯಿತು, ಅಕ್ಕ ನನ್ನೊಡನೆ ಮಾತು ಬಿಟ್ಟು. ನನಗೆ ಊಟ ಸೇರುತ್ತಿಲ್ಲ.

ಆದಕಾರಣ ತಾವು ಜಗತ್ತಿನ ಎಲ್ಲ ಪುಸ್ತಕಗಳಲ್ಲೂ ನಾಮಪದಕ್ಕಿಂತ ಮೊದಲಿನ ಸ್ಥಳಕ್ಕೆ ವರ್ಗ ಮಾಡಿಸಿಕೊಳ್ಳಬೇಕೆಂದೂ, ಅದಾಗದಿದ್ದರೆ ಖುದ್ದಾಗಿ ಬೇಕರಿಗೆ ಬಂದು, ತಪ್ಪು ತಮ್ಮದೇ ಎಂದು ಅಕ್ಕನೆದುರು ಒಪ್ಪಿಕೊಳ್ಳಬೇಕೆಂದೂ ಕೈಮುಗಿದು ಬೇಡುವ,

ತಮ್ಮ ವಿಶ್ವಾಸಿ,
ಅರೆಬೆಂದ ಪಂಡಿತ

ತಾ.ಕ.: ಈ ಪತ್ರದ ಕರಡನ್ನು ಭಾವನ ಕೈಲಿ ಅಕ್ಕನಿಗೆ ತೋರಿಸಿದ್ದೆ. ಅಂಚಿನಲ್ಲಿ ಒಂದೇ ಸಾಲು ಬರೆದು ಕಳಿಸಿದ್ದಾಳೆ: “ತಪ್ಪಾಯ್ತಕ್ಕಾ ಅಂತ ನನ್ನ ಹತ್ರ ಹೇಳೋದು ಬಿಟ್ಟು, ವ್ಯಾಕರಣಕ್ಕೆ ಕಾಗದ ಬರೀತಾ ಕೂತಿದೀಯಲ್ಲೋ.” ಕನ್ನಡಕ ಒರೆಸಿಕೊಂಡು ನಾಲ್ಕು ಸಲ ಓದಿದೆ, ತಿದ್ದಲು ಒಂದಕ್ಷರವೂ ಸಿಗಲಿಲ್ಲ.