ಹತ್ತನೆಯ ಕೊಯ್ತ

೧೯೫೨ರ ಮಾರ್ಚ್ ಮೂರರಂದು ಹೊನ್ನೆಕಟ್ಟೆ ಮಿಡ್ಲ್ ಸ್ಕೂಲಿಗೆ ಒಂದು ಸುತ್ತೋಲೆ ಬಂತು. ಏಳನೆಯ ಕ್ಲಾಸಿನ ಲೆಕ್ಕದ ಪರೀಕ್ಷೆಯಲ್ಲಿ ಇನ್ನು ಮುಂದೆ ಪ್ರತಿ ಪ್ರಶ್ನೆಗೂ ನಾಲ್ಕು ಉತ್ತರಗಳನ್ನು ಕೊಡತಕ್ಕದ್ದು. ವಿದ್ಯಾರ್ಥಿಯು ಅವುಗಳಲ್ಲಿ ಒಂದನ್ನು ಆರಿಸತಕ್ಕದ್ದು. ಹೇಗೆ ಆರಿಸಬೇಕೆಂದು ಬರೆದಿರಲಿಲ್ಲ.

ಹೆಡ್‌ಮಾಸ್ಟರ್ ಕಂಠಪ್ಪನವರು ಅದನ್ನು ಮೂರು ಸಲ ಓದಿ, ಹೋಬಳಿಯ ಕಂದಾಯ ನೋಡಿಕೊಳ್ಳುವ ಶೇಕ್‌ದಾರ್ ಷಣ್ಮುಖಪ್ಪನವರ ಹತ್ತಿರ ಹೋದರು. ಕಾರಣವಿತ್ತು. ಎರಡು ತಿಂಗಳ ಹಿಂದೆ ಮಹಾ ಚುನಾವಣೆ ನಡೆದಿತ್ತು. ಹೋಬಳಿಯ ಮತಗಟ್ಟೆ ನಡೆಸಿದವರು ಷಣ್ಮುಖಪ್ಪನವರು. ನಾಲ್ಕರಲ್ಲಿ ಒಂದನ್ನು ಆರಿಸುವ ಕೆಲಸ ಮಾಡಿಸಿದ ಅನುಭವ ಸುತ್ತಮುತ್ತ ಬೇರೆ ಯಾರಿಗೂ ಇರಲಿಲ್ಲ.

"ಇದ್ರಲ್ಲೇನಿದೆ ಮೇಷ್ಟ್ರೇ? ಚುನಾವಣೇಲಿ ಅಭ್ಯರ್ಥಿಗೊಂದು ಪೆಟ್ಟಿಗೆ ಇಟ್ಟ ಹಾಗೆ ಒಂದು ಉತ್ತರಕ್ಕೆ ಒಂದು ಪೆಟ್ಟಿಗೆ. ಚಾವಡೀಲಿ ಇನ್ನೂ ಐದು ಬಿದ್ದಿವೆ."

"ಪ್ರಶ್ನೆ ಇಪ್ಪತ್ತಿವೆ, ಸ್ವಾಮಿ."

"ಇಪ್ಪತ್ತಕ್ಕೆ ಎಂಬತ್ತು ಪೆಟ್ಟಿಗೆ ಬೇಕು. ಎಲ್ಲಿಂದ ತರೋಣ? ಒಂದು ಪ್ರಶ್ನೆ ಸಾಕು. ಐದನೇ ಪೆಟ್ಟಿಗೆ ರಿಸರ್ವ್ ಇರಲಿ."

ಪೆಟ್ಟಿಗೆಗಳ ಅಭಾವದಿಂದ ಹತ್ತೊಂಬತ್ತು ಪ್ರಶ್ನೆಗಳು ರದ್ದಾದವು. ಉಳಿದದ್ದು ಇದು: 'ಒಂದು ತೇಗದ ದಿಮ್ಮಿಯನ್ನು ಅಡ್ಡಕ್ಕೆ ಕೊಯ್ದು ಹತ್ತು ತುಂಡು ಮಾಡಬೇಕು. ಒಂದು ಕೊಯ್ತಕ್ಕೆ ಒಂದು ಗಂಟೆ. ಒಟ್ಟು ಎಷ್ಟು ಗಂಟೆ ಬೇಕು?' ಉತ್ತರಗಳು: ಎಂಟು, ಒಂಬತ್ತು, ಹತ್ತು, ಹನ್ನೊಂದು.

ನಾಲ್ಕು ಉತ್ತರಗಳ ಪರವಾಗಿ ಕಂಠಪ್ಪನವರೇ ನಾಮಪತ್ರ ಸಲ್ಲಿಸಿದರು. ಠೇವಣಿ ತಲಾ ಒಂದು ಬಳಪ. ಏಳನೆಯ ಕ್ಲಾಸಿನವರಿಗೆಲ್ಲ ಓದಲು ಬರುತ್ತಿತ್ತು. ಆದರೂ ನಿಯಮವಿದ್ದುದರಿಂದ ಚಿಹ್ನೆ ಕೊಡಲಾಯಿತು. ಎಂಟಕ್ಕೆ ಕೊಡೆ, ಒಂಬತ್ತಕ್ಕೆ ಮೊರ, ಹತ್ತಕ್ಕೆ ತೆಂಗಿನಕಾಯಿ, ಹನ್ನೊಂದಕ್ಕೆ ಲಾಂದ್ರ. ಎಲ್ಲವನ್ನೂ ಚಾವಡಿಯ ಗೋಡೆಗೆ ಅಂಟಿಸಿ, ಪ್ರಚಾರಕ್ಕೆ ಹತ್ತು ದಿನ ಅವಕಾಶ ಕೊಟ್ಟರು.

ಮರದ ಕಂಟ್ರಾಕ್ಟರ್ ಗುರುಮಲ್ಲಪ್ಪನವರು ಗೋಡೆಯ ಮೇಲಿನ ಚೀಟಿ ಓದಿದರು. ಅವರು ಸರ್ಕಾರದ ದಿಮ್ಮಿಗಳನ್ನು ಕೊಯ್ಯಿಸಿಕೊಟ್ಟು ಗಂಟೆ ಲೆಕ್ಕದಲ್ಲಿ ಬಿಲ್ಲು ಮಾಡುತ್ತಿದ್ದರು. ಅವರ ಗುಮಾಸ್ತ ಬಸವರಾಜು ಪಕ್ಕದಲ್ಲಿದ್ದ.

"ಹನ್ನೊಂದಕ್ಕೇ ಹಾಕ್ಸಾನ ಬುಡಿ, ಯಜಮಾನ್ರೇ."

"ಬ್ಯಾಡ ಕಣ್ಲಾ. ಹನ್ನೊಂದು ಅತಿಯಾಯ್ತದೆ. ಜನ ನಂಬೋ ಅಂಗಿರಬೇಕು. ಹತ್ತು ತುಂಡಿಗೆ ಹತ್ತು. ಕೇಳಾಕೆ ಎಷ್ಟು ಚೆಂದಾಗದೆ ನೋಡು."

ಮರುದಿನದಿಂದ ಸ್ಕೂಲಿನ ಬಾಗಿಲಲ್ಲಿ ಮಕ್ಕಳಿಗೆ ಕಡಲೆಪುರಿಯ ಜೊತೆ ಕಾಯಿಚೂರು ಸಿಗತೊಡಗಿತು.

ಕ್ಲಾಸಿನಲ್ಲಿ ನಲವತ್ತೊಂದು ಮಂದಿ. ಚಿಕ್ಕಬಸಮ್ಮ ಅವರಲ್ಲಿ ಒಬ್ಬಳು. ಅವಳ ಅಪ್ಪ ಸಣ್ಣಬೀರಯ್ಯ ಗುರುಮಲ್ಲಪ್ಪನವರ ಹತ್ತಿರ ಮರ ಕೊಯ್ಯುತ್ತಿದ್ದ. ಗರಗಸದ ಆ ತುದಿಗೆ ಮಕ್ಬೂಲ್, ಈ ತುದಿಗೆ ಅವನು. ಚಿಕ್ಕಬಸಮ್ಮ ದಿನಾ ಮಧ್ಯಾಹ್ನ ಮುದ್ದೆ ತಂದು, ಅಪ್ಪ ಉಣ್ಣುವವರೆಗೆ ದಿಮ್ಮಿಯ ಮೇಲೆ ಕೂತಿರುತ್ತಿದ್ದಳು. ಲೆಕ್ಕದಲ್ಲಿ ಅವಳೇ ಮುಂದು. ಹುಣಸೂರಿನ ಹೈಸ್ಕೂಲಿಗೆ ಅವಳ ಅರ್ಜಿಯನ್ನು ಕಂಠಪ್ಪನವರು ಆಗಲೇ ಬರೆದಿಟ್ಟಿದ್ದರು. ಊಟ, ವಸತಿ ಪುಕ್ಕಟೆ. ಅರ್ಜಿಗೆ ಪಾಸಾದ ಸರ್ಟಿಫಿಕೇಟ್ ಒಂದನ್ನು ಲಗತ್ತಿಸಬೇಕಿತ್ತು, ಅಷ್ಟೆ.

ಪರೀಕ್ಷೆ ಶಾಂತಿಯುತವಾಗಿ ನಡೆಯಿತು. ಮಕ್ಕಳು ಸಾಲಾಗಿ ಬಂದು ತೋರುಬೆರಳಿಗೆ ಶಾಯಿ ಹಾಕಿಸಿಕೊಂಡು, ಕಂಬಳಿಯ ಮರೆಗೆ ಹೋಗಿ ಪೆಟ್ಟಿಗೆಗೆ ಚೀಟಿ ಹಾಕಿ ಬಂದರು. ಸಂಜೆ ಎಣಿಕೆ. ಹತ್ತಕ್ಕೆ ಮೂವತ್ತಮೂರು, ಹನ್ನೊಂದಕ್ಕೆ ಐದು, ಎಂಟಕ್ಕೆ ಎರಡು, ಒಂಬತ್ತಕ್ಕೆ ಒಂದು. ಹತ್ತು ಚುನಾಯಿತವಾಯಿತೆಂದು ಷಣ್ಮುಖಪ್ಪನವರು ಘೋಷಿಸಿದರು. ಉಳಿದ ಮೂರರ ಠೇವಣಿ ಮುಟ್ಟುಗೋಲಾಯಿತು. ಠೇವಣಿ ಕಳೆದುಕೊಂಡ ಉತ್ತರವು ಮುಂದೆ ಸ್ಪರ್ಧಿಸತಕ್ಕದ್ದಲ್ಲ ಎಂದು ನಡಾವಳಿಯಲ್ಲಿ ಬರೆಯಲಾಯಿತು.

ಒಂದು ತೊಡಕು ಉಳಿಯಿತು. ಯಾರು ಪಾಸು, ಯಾರು ನಪಾಸು? ಯಾರು ಯಾವುದಕ್ಕೆ ಹಾಕಿದರೆಂದು ಕೇಳುವುದು ಅಪರಾಧ. ಷಣ್ಮುಖಪ್ಪನವರು ಒಂದು ರಾತ್ರಿ ಯೋಚಿಸಿ ದಾರಿ ಕಂಡುಹಿಡಿದರು. ತಾನು ಹತ್ತಕ್ಕೇ ಹಾಕಿದ್ದಾಗಿ ಮುಚ್ಚಳಿಕೆ ಬರೆದುಕೊಟ್ಟವರು ಪಾಸು.

ನಲವತ್ತು ಮಂದಿ ಬರೆದುಕೊಟ್ಟರು.

"ಸ್ವಾಮಿ, ಹತ್ತಕ್ಕೆ ಬಿದ್ದದ್ದು ಮೂವತ್ಮೂರು. ಬರ್ದುಕೊಟ್ಟೋರು ನಲವತ್ತು," ಎಂದರು ಕಂಠಪ್ಪನವರು.

"ಕಳೆಯೋ ಲೆಕ್ಕ ಈ ಪರೀಕ್ಷೇಲಿಲ್ಲ ಮೇಷ್ಟ್ರೇ. ರದ್ದಾಯ್ತಲ್ಲ."

ಕಂಠಪ್ಪನವರು ಕನ್ನಡಕ ತೆಗೆದು ಒರೆಸಿಕೊಂಡರು.

ಬರೆದುಕೊಡದವಳು ಚಿಕ್ಕಬಸಮ್ಮ. ಸಣ್ಣಬೀರಯ್ಯ ಮನೆಯಲ್ಲಿ ಬುದ್ಧಿ ಹೇಳಿದ.

"ಬರ್ದುಕೊಟ್ಬುಡು ಕಣವ್ವ. ಒಂದು ರುಜು ತಾನೆ? ನಿಂಗೆ ಹುಣ್ಸೂರು ಬ್ಯಾಡ್ವಾ?"

"ಬೇಕು. ಅಪ್ಪ, ಹತ್ತು ತುಂಡಿಗೆ ನೀನು ಎಷ್ಟು ಕೊಯ್ತ ಹಾಕ್ತೀಯ?"

"ನಾನೆಲ್ಲಿ ಎಣಿಸ್ತೀನಿ? ಮರ ಮುಗುದ್ರೆ ನಿಲ್ಲುಸ್ತೀನಿ."

ಮರುದಿನ ಅವಳು ಚಾವಡಿಗೆ ಒಂದು ಕಬ್ಬಿನ ಜಲ್ಲೆ ಮತ್ತು ಮಚ್ಚು ತೆಗೆದುಕೊಂಡು ಹೋದಳು. ಷಣ್ಮುಖಪ್ಪನವರ ಮುಂದೆ ಗಟ್ಟಿಯಾಗಿ ಎಣಿಸುತ್ತಾ ಒಂಬತ್ತು ಏಟು ಹಾಕಿದಳು. ಹತ್ತು ತುಂಡಾಯಿತು. ಅವರು ಒಂದು ತುಂಡು ತೆಗೆದುಕೊಂಡು ಸಿಪ್ಪೆ ಸುಲಿದರು.

"ಇದು ಕಬ್ಬು, ಮಗು. ಪ್ರಶ್ನೆ ತೇಗದ್ದು."

"ತೇಗಾನೂ ಇಂಗೇಯ ಸ್ವಾಮಿ. ನಾನು ಒಂಬತ್ತಕ್ಕೇ ಹಾಕಿದ್ದು."

ಷಣ್ಮುಖಪ್ಪನವರು ಅಗಿಯುವುದನ್ನು ನಿಲ್ಲಿಸಿದರು. "ನೋಡು, ಎರಡು ತಪ್ಪು ಮಾಡಿದೆ. ಮತದಾನ ಮುಗಿದ ಮೇಲೆ ಪ್ರಚಾರ ಮಾಡಿದೆ. ಗುಟ್ಟಾಗಿರಬೇಕಾದ ಮತಾನ ಬಾಯಿ ಬಿಟ್ಟು ಹೇಳ್ದೆ. ಚಿಕ್ಕವಳು ಅಂತ ಬಿಟ್ಟಿದೀನಿ. ಹೋಗು. ಕಬ್ಬು ಇಲ್ಲೇ ಇರಲಿ, ಅದು ಸಾಕ್ಷ್ಯ."

ನಲವತ್ತು ಮಂದಿ ಪಾಸು, ಒಬ್ಬಳು ನಪಾಸು. ಫಲಿತಾಂಶ ತೃಪ್ತಿಕರವೆಂದು ಮೇಲಿನಿಂದ ಕಾಗದ ಬಂತು. ಹುಣಸೂರಿಗೆ ಹೋಗಬೇಕಾದ ಅರ್ಜಿ ಕಂಠಪ್ಪನವರ ಮೇಜಿನ ಖಾನೆಯಲ್ಲಿ ಉಳಿಯಿತು.

ಗುರುಮಲ್ಲಪ್ಪನವರು ಫಲಿತಾಂಶದ ನಕಲು ಪಡೆದು ಬಿಲ್ಲಿಗೆ ಲಗತ್ತಿಸಿದರು. ದಿಮ್ಮಿಗೆ ಹತ್ತು ಕೊಯ್ತ, ಹತ್ತು ಗಂಟೆ. ಜೂನ್ ತಿಂಗಳಲ್ಲಿ ತನಿಖೆಗೆ ಒಬ್ಬ ಅಧಿಕಾರಿ ಬಂದರು. ಅವರು ಕೊಡೆ ಹಿಡಿದು ಒಂದು ದಿಮ್ಮಿಯ ಕೆಲಸವನ್ನು ಮೊದಲಿನಿಂದ ಕೊನೆಯವರೆಗೆ ನಿಂತು ನೋಡಿದರು. ನೋಡಿ ಹೀಗೆ ಬರೆದರು: 'ಬಿಲ್ಲಿನಲ್ಲಿ ಹತ್ತು ಕೊಯ್ತ ಇದೆ. ಸ್ಥಳದಲ್ಲಿ ಒಂಬತ್ತು ಮಾತ್ರ ಕಂಡುಬಂದಿದೆ. ಒಂದು ಕೊಯ್ತ ಬಾಕಿ. ಅದನ್ನು ಕೂಡಲೇ ಪೂರೈಸುವುದು.'

ಊರಿನವರು ಸಭೆ ಸೇರಿದರು. ಬಾಕಿ ಕೊಯ್ತವನ್ನು ಎಲ್ಲಿ ಹಾಕುವುದು?

"ಒಂದು ತುಂಡನ್ನ ಇನ್ನೊಂದು ಸಲ ಕುಯ್ದುಬುಡಾನ," ಎಂದ ಬಸವರಾಜು.

"ಆಗ ಹನ್ನೊಂದು ತುಂಡಾಗುತ್ತೆ. ಪ್ರಶ್ನೇಲಿ ಹತ್ತು ಅಂತಿದೆ. ಪ್ರಶ್ನೆ ತಿದ್ದೋ ಅಧಿಕಾರ ನಮಗಿಲ್ಲ," ಎಂದರು ಷಣ್ಮುಖಪ್ಪನವರು.

ಆದ್ದರಿಂದ ಹತ್ತನೆಯ ಕೊಯ್ತವನ್ನು ದಿಮ್ಮಿಯ ಪಕ್ಕದ ಗಾಳಿಯಲ್ಲಿ ಹಾಕುವುದೆಂದು ತೀರ್ಮಾನವಾಯಿತು. ಅವಧಿ ಪೂರ್ತಿ ಒಂದು ಗಂಟೆ. ಕಂಠಪ್ಪನವರ ಹತ್ತಿರ ಗಡಿಯಾರವಿದ್ದುದರಿಂದ ಹೊತ್ತು ನೋಡುವ ಕೆಲಸ ಅವರಿಗೆ ಬಂತು.

ಮೂರು ದಿನ ನಡೆಯಿತು. ನಾಲ್ಕನೆಯ ದಿನ ಮಕ್ಬೂಲ್ ಗರಗಸ ಕೆಳಗಿಟ್ಟ.

"ಯಾಕ್ಲಾ ಮಕ್ಬೂಲು?" ಎಂದ ಸಣ್ಣಬೀರಯ್ಯ.

"ಮರ ಇದ್ರೆ ಗರಗಸಕ್ಕೆ ಆಸರೆ ಕಣಣ್ಣ. ಗಾಳೀಲಿ ಭುಜ ಕಿತ್ಕಂಡು ಬತ್ತದೆ. ಒಂಬತ್ತಾದ್ರೆ ಎಷ್ಟಾದ್ರೂ ಮಾಡ್ತೀನಿ. ಇದೊಂದು ಬುಡು."

ದೂರು ನ್ಯಾಯವಾಗಿತ್ತು. ಹತ್ತನೆಯ ಕೊಯ್ತಕ್ಕೆ ಬೇರೆ ಆಳು ತೆಗೆದುಕೊಳ್ಳಲು ಮಂಜೂರಾತಿ ಬಂತು. ಪಾಸಾದ ನಲವತ್ತು ಮಂದಿಯಲ್ಲಿ ಕೆಲವರು ಹೈಸ್ಕೂಲಿಗೆ ಹೋಗಿದ್ದರು, ಉಳಿದವರು ಪಾಸಾಗಿದ್ದುದರಿಂದ ಕೂಲಿಗೆ ಬರಲೊಲ್ಲರು. ಖಾಲಿ ಇದ್ದವಳು ಚಿಕ್ಕಬಸಮ್ಮ. ಅವಳನ್ನು ತೆಗೆದುಕೊಂಡರು. ರಿಜಿಸ್ಟರಿನಲ್ಲಿ ಅರ್ಹತೆಯ ಮುಂದೆ 'ಏಳನೆಯ ಕ್ಲಾಸು, ಲೆಕ್ಕದಲ್ಲಿ ನಪಾಸು' ಎಂದು ಬರೆದರು.

ಮೊದಲ ದಿನ ಅಪ್ಪ ಈ ತುದಿ ಹಿಡಿದ. ಮಗಳು ಆ ತುದಿ ಹಿಡಿದಳು.

"ನೇರಕ್ಕೆ ಎಳಿಯವ್ವ," ಎಂದ ಸಣ್ಣಬೀರಯ್ಯ. "ಸೊಟ್ಟಗಾದಾತು."

ಅವಳು ನೇರಕ್ಕೆ ಎಳೆದಳು. ಕಂಠಪ್ಪನವರು ಗಡಿಯಾರ ನೋಡುತ್ತಾ ನಿಂತಿದ್ದರು. ಅವಳ ಮುಖ ನೋಡಲಿಲ್ಲ. ಗಂಟೆ ಆದಾಗ "ಆಯ್ತು" ಎಂದರು.

ಐದು ವರ್ಷದ ಅವಧಿ ಮುಗಿದು ನಡೆದ ೧೯೫೭ರ ಪರೀಕ್ಷೆಯಲ್ಲಿ ಎದುರಾಳಿಗಳಿಲ್ಲದ ಕಾರಣ ಹತ್ತು ಅವಿರೋಧವಾಗಿ ಮತ್ತೆ ಆಯ್ಕೆಯಾಯಿತು. ಆ ವರ್ಷವೇ ಚಿಕ್ಕಬಸಮ್ಮನ ಕೆಲಸ ಕಾಯಂ ಆಯಿತು.