ಗುಂಡಿಗೆ ಸುತ್ತಿದ ಕಾಗದ

ನಮ್ಮ ಸೋದರಮಾವನಷ್ಟು ಅಪಾಯಕಾರಿ ಮನುಷ್ಯ ಗುಬ್ಬಿ ತಾಲ್ಲೂಕಿನಲ್ಲಿ ಇನ್ನೊಬ್ಬನಿಲ್ಲ. ಮನೆಯಲ್ಲಿ ಮ್ಯಾಗ್ನಮ್ ಅನ್ನುವ ಭಾರೀ ರೈಫಲ್ ಇಟ್ಟುಕೊಂಡಿದ್ದಾನೆ. ಅದರ ಗುಂಡುಗಳನ್ನು ತಾನೇ ಎರಕ ಹೊಯ್ಯುತ್ತಾನೆ. ಗಾಬರಿಯಾಗಬೇಡಿ, ಲೈಸೆನ್ಸ್ ಇದೆ! ಇಷ್ಟು ವರ್ಷಗಳಲ್ಲಿ ಅವನ ಕೈಯಲ್ಲಿ ಒಂದು ಹಂದಿಯೂ ಸತ್ತಿಲ್ಲ. ಸತ್ತಿದ್ದೆಲ್ಲ ಕಾಗದ.

ಅದು ತಾತ ಬೇಟೆಯಾಡುತ್ತಿದ್ದ ಕಾಲದ ರೈಫಲ್. ಬೇಟೆ ನಿಂತಿತು, ತಾತನೂ ಹೋದ. ಕಡಬದ ತೋಟದ ತೆಂಗಿನ ಸಸಿಗಳನ್ನು ಹಂದಿಗಳಿಂದ ಕಾಯುವ ನೆಪದಲ್ಲಿ ರೈಫಲ್ ಮಾವನಿಗೆ ಉಳಿಯಿತು. ಅದಕ್ಕೆ ಒಗ್ಗುವ ಗುಂಡು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಹಾಗಾಗಿ ಕುಣಿಗಲ್ ಹೈವೇಯ ಟೈರ್ ಅಂಗಡಿಗಳಲ್ಲಿ ಚಕ್ರದ ತೂಕ ಸರಿದೂಗಿಸಲು ಬಳಸಿ ಬಿಸಾಡಿದ ಸೀಸದ ಚೂರು ಆರಿಸಿ ತಂದು ಕರಗಿಸುತ್ತಾನೆ. ಸೀಸ ನಳಿಗೆಗೆ ಮೆತ್ತಿಕೊಳ್ಳಬಾರದೆಂದು ಪ್ರತಿ ಗುಂಡಿಗೂ ಒದ್ದೆ ಕಾಗದದ ಪಟ್ಟಿಯನ್ನು ಎರಡು ಸುತ್ತು ಸುತ್ತಿ ಒಣಗಿಸುತ್ತಾನೆ. ಆಮೇಲೆ ತೋಟದ ಹುತ್ತಕ್ಕೆ ಗುರಿಯಿಟ್ಟು ಹಾರಿಸುತ್ತಾನೆ. ಕಾಗದ ತೆಳ್ಳಗಿರಬೇಕು, ಗಟ್ಟಿಯೂ ಇರಬೇಕು. ಅತ್ತೆಗೆ ಜ್ವರ ಬಂದರೆ ಹಣೆ ಮುಟ್ಟಿ ನೋಡದ ಮಹಾನುಭಾವ, ಕಂಡ ಕಂಡ ಕಾಗದವನ್ನು ಮಾತ್ರ ಸವರಿ ಸವರಿ ನೋಡುತ್ತಾನೆ!

ನನಗೆ ಗಂಡು ಹುಡುಕುವಾಗ ಹುಡುಗನ ಜಾತಕ ಅವನ ಕೈಗೆ ಹೋಯಿತು. ಬೆಳಕಿಗೆ ಹಿಡಿದ, ಮೂಲೆ ಉಜ್ಜಿದ.

"ಭೇಷಾಗದೆ ಕಣೇ, ಒಪ್ಕಂಬುಡು."

ಒಪ್ಪಿಕೊಂಡೆ. ಡೈವೋರ್ಸ್ ಆಗಿ ನಾಲ್ಕು ವರ್ಷವಾಯಿತು. ಕಾಗದ ಭೇಷಾಗಿತ್ತು, ಅದರಲ್ಲಿ ಎರಡು ಮಾತಿಲ್ಲ!

ಚುನಾವಣೆ ಬಂದಾಗಲೆಲ್ಲ ರೈಫಲನ್ನು ಪೊಲೀಸ್ ಸ್ಟೇಷನ್ನಿಗೆ ಒಪ್ಪಿಸಬೇಕು. ಹಂದಿಗಳು ತೋಟಕ್ಕೆ ನುಗ್ಗುವುದೂ ಸರಿಯಾಗಿ ಆಗಲೇ. ಮಾವ ದಿನಾ ಬಸ್ಸು ಹತ್ತಿ ರೈಫಲ್ ನೋಡಿಕೊಂಡು ಬರುತ್ತಾನೆ. ಒಮ್ಮೆ ಕಾನ್‌ಸ್ಟೇಬಲ್‌ಗೆ ರೇಗಿತು.

"ಯಜಮಾನ್ರೇ, ಆಸ್ಪತ್ರೇಲಿರೋ ಹೆಂಡ್ತೀನೂ ಯಾರೂ ಹಿಂಗೆ ದಿನಾ ಬಂದು ನೋಡಲ್ಲ!"

"ಅವ್ಳಿಗೆ ತುಕ್ಕು ಹಿಡಿಯಲ್ವಲ್ಲ ಸಾರ್" ಅಂದನಂತೆ.

ಇಲ್ಲಿಯವರೆಗೆ ನಕ್ಕಿರಾ? ನಾನೂ ನಗುತ್ತಿದ್ದೆ.

ಅಪ್ಪ ಸತ್ತಾಗ ನನಗೆ ಎರಡು ವರ್ಷ. ಅವರ ಕೈಬರಹವನ್ನು ಕೂಡ ನಾನು ಕಂಡಿರಲಿಲ್ಲ. ಅಮ್ಮನೂ ತೀರಿಕೊಂಡ ಮೇಲೆ, ಹೋದ ವರ್ಷ, ಮಾವನನ್ನು ಕೇಳಿದೆ. "ಅಪ್ಪ ನಿಂಗೇನಾದ್ರೂ ಕಾಗ್ದ ಬರೀತಿದ್ರಾ ಮಾವ?"

ಅವನ ಮುಖ ಅರಳಿತು. "ಭಾವ ತಿಂಗ್ಳಿಗೊಂದು ಹಾಕೋರು. ಏನ್ ಕಾಗ್ದ ಅಂತೀಯ! ತೆಳ್ಳಗೆ, ಗಟ್ಟಿ, ಎಳುದ್ರೂ ಹರೀತಿರ್ಲಿಲ್ಲ. ಅಂಥದ್ದು ಈಗೆಲ್ಲಿ ಸಿಗ್ತದೆ?"

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು.

"ಗುಂಡಿಗೆ ಸುತ್ತೋಕೆ ಎಲ್ಲಾ ಕತ್ತರಿಸಿಬಿಟ್ಯಾ?"

"ಹಿಂದ್ಗಡೆ ಖಾಲಿ ಇತ್ತು ಕಣೇ..." ಅಂದ.

ನಾನು ಬಾಯಿಗೆ ಬಂದಂತೆ ಬೈದೆ. ಹುತ್ತಕ್ಕೆ ಗುರಿಯಿಟ್ಟು ನನ್ನ ಅಪ್ಪನನ್ನು ಹಾರಿಸಿಬಿಟ್ಟೆಯಲ್ಲೋ ಅಂದೆ. ಹಾರಿಸಿದ ಗುಂಡಿನ ಕಾಗದ ನಳಿಗೆಯಿಂದಾಚೆ ಚಿಂದಿಯಾಗಿ ಉದುರುತ್ತದೆ. ಚಿಕ್ಕವಳಿದ್ದಾಗ ಆ ಚಿಂದಿಯನ್ನು ಹೂವೆಂದು ಹಿಡಿಯಲು ನಾನೇ ಓಡುತ್ತಿದ್ದೆ! ಆಮೇಲೆ ಒಂದು ವರ್ಷ ಕಡಬದ ಕಡೆ ತಲೆ ಹಾಕಲಿಲ್ಲ. ಅವನ ಫೋನೂ ಎತ್ತಲಿಲ್ಲ.

ಕಳೆದ ಭಾನುವಾರ ಮಧ್ಯಾಹ್ನ ತುಮಕೂರಿನ ನನ್ನ ಬಾಡಿಗೆ ಮನೆಯ ಬಾಗಿಲಲ್ಲಿ ಬಂದು ನಿಂತ. ಕೈಯಲ್ಲೊಂದು ನೋಟ್‌ಬುಕ್. ಹಳೇ ಡಬ್ಬಿಗಳಲ್ಲಿ ಹಾರಿಸದೆ ಉಳಿದಿದ್ದ ಗುಂಡುಗಳನ್ನೆಲ್ಲ ಹುಡುಕಿ, ಕುದಿಯುವ ನೀರಿನ ಆವಿಗೆ ಹಿಡಿದು, ಒಂದೊಂದೇ ಪಟ್ಟಿ ಬಿಚ್ಚಿ ಅಂಟಿಸಿದ್ದ. ಬಾಲ್‌ಪೆನ್ನಿನ ಅಕ್ಷರ, ಆವಿಗೂ ಅಳಿದಿರಲಿಲ್ಲ, ಓದಲು ಬರುತ್ತಿತ್ತು. ಕಳೆದುಹೋದ ಪಟ್ಟಿಗಳಿಗೆ ಅಷ್ಟಷ್ಟೇ ಜಾಗ ಖಾಲಿ ಬಿಟ್ಟಿದ್ದ. ನೋಟ್‌ಬುಕ್ಕಿನ ತುಂಬ ಖಾಲಿ ಜಾಗವೇ ಹೆಚ್ಚು.

'ಮಗಳು ಈಗ ನಡೆ', ಅಲ್ಲಿಗೆ ಮುಗಿದಿತ್ತು ಒಂದು ಪಟ್ಟಿ. ಇನ್ನೊಂದರಲ್ಲಿ 'ಅವಳಿಗೆ ಬಿಸಿಲು ತಾಗದ ಹಾಗೆ'.

"ಇಷ್ಟೇ ಸಿಕ್ಕಿದ್ದು ಕಣವ್ವ" ಅಂದ ಮಾವ, ಗೋಡೆ ನೋಡುತ್ತ.

ಕ್ಷಮಿಸಿದೆ ಎಂದರೆ ಸುಳ್ಳಾಗುತ್ತದೆ. ತಟ್ಟೆಗೆ ಬಿಸಿ ಮುದ್ದೆ ಬಡಿಸಿದೆ. ಮುರಿಯಲು ಕೈಯಿಟ್ಟವನು ಸರಕ್ಕನೆ ಹಿಂದಕ್ಕೆಳೆದುಕೊಂಡ. ಆಗ ನೋಡಿದೆ, ಬೆರಳ ತುದಿಗಳೆಲ್ಲ ಆವಿಗೆ ಬೆಂದು ಬೊಬ್ಬೆ ಎದ್ದಿದ್ದವು.

ತಟ್ಟೆ ನನ್ನ ಕಡೆಗೆ ಎಳೆದುಕೊಂಡು, ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ, ಆರಿಸಿ ಅವನ ಬಾಯಿಗಿಟ್ಟೆ.